‘ಯಾವ ದೇಶದವರು ಹೇಗೆ?’ ಪಟ್ಟಿ ಕಲಿತರೆ ವಿದೇಶಿಯರ ಜೊತೆ ಕೆಲಸ ಸುಲಭವಾಗುತ್ತದೆಯೇ?

‘ಜಪಾನಿಯರ ಮುಂದೆ ಬಾಗಿ ನಮಸ್ಕರಿಸಿ. ಜರ್ಮನರ ಮೀಟಿಂಗಿಗೆ ಒಂದು ನಿಮಿಷವೂ ತಡ ಮಾಡಬೇಡಿ. ಅಮೆರಿಕದವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ. ಮಾತಿಗಿಂತ ಹಾವಭಾವವೇ ಮುಖ್ಯ, ಏಕೆಂದರೆ ಸಂವಹನದ 93% ದೇಹಭಾಷೆ!’

ಇಂಥ ಹತ್ತು ಹನ್ನೆರಡು ಸಾಲಿನ ಮೆಸೇಜು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಮಗ ಬೆಂಗಳೂರಿನ ಐಟಿ ಕಂಪನಿಗೆ ಸೇರಿದಾಗ, ಮಗಳು ನರ್ಸ್ ಕೆಲಸಕ್ಕೆ ಗಲ್ಫಿಗೋ ಇಂಗ್ಲೆಂಡಿಗೋ ಹೊರಟಾಗ ಮನೆಯವರೇ ಇದನ್ನು ಹುಡುಕಿ ಕಳಿಸುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಇದರಲ್ಲಿ ಎಷ್ಟು ನಿಜ, ಇದು ಕೆಲಸಕ್ಕೆ ಬರುತ್ತದೆಯೇ ಎಂಬುದನ್ನು ನೋಡೋಣ.

ಚುಟುಕಾಗಿ ಹೇಳುವುದಾದರೆ, ಇಂಥ ಪಟ್ಟಿ ಮೊದಲ ದಿನದ ಮುಜುಗರ ತಪ್ಪಿಸಬಹುದು. ಬೇರೆ ಸಂಸ್ಕೃತಿಯವರ ಜೊತೆ ಕೆಲಸ ಮಾಡುವ ಸಾಮರ್ಥ್ಯ ಅದರಿಂದ ಬರುವುದಿಲ್ಲ. ನಾವು ಹೇಳಿದ್ದು ಎದುರಿನವರಿಗೆ ತಲುಪಿತೇ, ಅವರು ಹೇಳಿದ್ದು ನಮಗೆ ಸರಿಯಾಗಿ ಅರ್ಥವಾಯಿತೇ ಎಂದು ಪ್ರತಿಸಲ ಖಚಿತಪಡಿಸಿಕೊಳ್ಳುವ ಅಭ್ಯಾಸದಿಂದ ಅದು ಬರುತ್ತದೆ.

ಸಂವಹನದ 93% ದೇಹಭಾಷೆಯೇ?

ಅಲ್ಲ. ಈ ಸಂಖ್ಯೆ ಬಂದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಅವರ 1967ರ ಎರಡು ಪ್ರಯೋಗಗಳಿಂದ. ಅಲ್ಲಿ ಬಳಸಿದ್ದು ಪೂರ್ತಿ ಮಾತುಕತೆಯನ್ನಲ್ಲ, ಬಿಡಿ ಪದಗಳನ್ನು. ಪದ ಒಂದು ಭಾವ, ದನಿ ಇನ್ನೊಂದು ಭಾವ, ಮುಖ ಮತ್ತೊಂದು ಭಾವ ತೋರಿಸಿದರೆ ಕೇಳುವವರು ಯಾವುದನ್ನು ನಂಬುತ್ತಾರೆ ಎಂಬುದು ಪ್ರಶ್ನೆಯಾಗಿತ್ತು. ಅದರಿಂದ ಪದಕ್ಕೆ 7%, ದನಿಗೆ 38%, ಮುಖಭಾವಕ್ಕೆ 55% ಎಂಬ ಲೆಕ್ಕ ಹುಟ್ಟಿತು.

ಇಷ್ಟ, ಇಷ್ಟವಿಲ್ಲ ಎಂಬ ಭಾವನೆಗಳ ವಿಷಯಕ್ಕೆ ಮಾತ್ರ ಈ ಲೆಕ್ಕ ಅನ್ವಯಿಸುತ್ತದೆ ಎಂದು ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ಸ್ವಲ್ಪ ಯೋಚಿಸಿದರೆ ನಮಗೂ ಇದು ಹೊಳೆಯುತ್ತದೆ. 93% ಅರ್ಥ ಹಾವಭಾವದಲ್ಲೇ ಇದ್ದಿದ್ದರೆ ರೇಡಿಯೋ ವಾರ್ತೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಭಾಷೆ ಗೊತ್ತಿಲ್ಲದ ಸಿನಿಮಾಕ್ಕೆ ಸಬ್‌ಟೈಟಲ್ಲೂ ಬೇಕಾಗುತ್ತಿರಲಿಲ್ಲ.

ಇನ್ನು ಹಾವಭಾವ ಎಲ್ಲ ಕಡೆ ಒಂದೇ ಎಂದುಕೊಂಡರೆ ಅದೂ ತಪ್ಪು. ಬಲ್ಗೇರಿಯದಲ್ಲಿ ತಲೆಯನ್ನು ಮೇಲೆ ಕೆಳಗೆ ಆಡಿಸಿದರೆ ಸಾಂಪ್ರದಾಯಿಕವಾಗಿ ‘ಇಲ್ಲ’ ಎಂದರ್ಥ. ನಾವು ಅತ್ತಿತ್ತ ತಲೆ ತೂಗಿ ‘ಆಯ್ತು’ ಎನ್ನುವುದು ಹೊರಗಿನವರಿಗೆ ಹೌದೋ ಅಲ್ಲವೋ ತಿಳಿಯುವುದಿಲ್ಲ. ತಲೆ ಆಡಿಸಿದ ಮೇಲೆ ಬಾಯಿಬಿಟ್ಟು ‘ಎಸ್’ ಎಂದೂ ಹೇಳಿಬಿಟ್ಟರೆ ಗೊಂದಲ ಅಲ್ಲಿಗೇ ಮುಗಿಯುತ್ತದೆ.

‘ನೋವಾ’ ಕಾರು ಹೆಸರಿನಿಂದಲೇ ಸೋತಿತೇ?

ಸಂಸ್ಕೃತಿ ತಿಳಿಯದೆ ವ್ಯಾಪಾರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ತರಬೇತಿಗಳಲ್ಲಿ ಹೇಳುವ ಪ್ರಸಿದ್ಧ ಕಥೆ ಇದು. ಅಮೆರಿಕದ ಷೆವರ್ಲೆ ಕಂಪನಿಯ ‘ನೋವಾ’ ಕಾರು ಲ್ಯಾಟಿನ್ ಅಮೆರಿಕದಲ್ಲಿ ಮಾರಾಟವಾಗಲಿಲ್ಲವಂತೆ, ಸ್ಪ್ಯಾನಿಷ್‌ನಲ್ಲಿ ‘ನೋ ವಾ’ ಎಂದರೆ ‘ಹೋಗುವುದಿಲ್ಲ’ ಎಂದಂತೆ.

ಕಥೆ ಚೆನ್ನಾಗಿದೆ, ಆದರೆ ನಿಜವಲ್ಲ. ಆ ಕಾರು ಮೆಕ್ಸಿಕೋ ಮತ್ತು ವೆನೆಜುವೆಲಾಗಳಲ್ಲಿ ಚೆನ್ನಾಗಿಯೇ ಮಾರಾಟವಾಗಿತ್ತು. ಮೆಕ್ಸಿಕೋದ ಸರ್ಕಾರಿ ತೈಲ ಕಂಪನಿ ಪೆಮೆಕ್ಸ್ ತನ್ನ ಪೆಟ್ರೋಲಿಗೇ ‘ನೋವಾ’ ಎಂದು ಹೆಸರಿಟ್ಟಿತ್ತು. ಸ್ಪ್ಯಾನಿಷ್ ಮಾತಾಡುವವರಿಗೆ ಅದು ‘ಹೊಸತು’ ಎಂಬ ಅರ್ಥದ ಒಂದೇ ಪದವಾಗಿ ಕೇಳುತ್ತದೆ. ‘ಬಸವ’ ಎಂದಾಗ ನಮಗೆ ಬಸ್ ನೆನಪಾಗುತ್ತದೆಯೇ? ಹಾಗೆಯೇ ಇದೂ.

ಬೇರೆಯವರ ಭಾಷೆಯ ಬಗ್ಗೆ ಅವರನ್ನು ಕೇಳದೆ ನಾವೇ ಊಹಿಸಿಕೊಂಡರೆ ಹೀಗಾಗುತ್ತದೆ. ‘ಸಂಸ್ಕೃತಿಯನ್ನು ಅರಿಯಿರಿ’ ಎಂದು ಪಾಠ ಹೇಳುವ ಕಥೆಯೇ ಸ್ಪ್ಯಾನಿಷ್ ಮಾತಾಡುವವರನ್ನು ಅರಿಯದೆ ಹುಟ್ಟಿದ್ದು.

ದೇಶಕ್ಕೊಂದು ಸ್ವಭಾವ ಇರುತ್ತದೆಯೇ?

ಇದರಲ್ಲಿ ಅರ್ಧ ಸತ್ಯವಿದೆ. ಡಚ್ ಸಂಶೋಧಕ ಗೀರ್ಟ್ ಹಾಫ್‌ಸ್ಟೆಡ್ ಅವರು ಐಬಿಎಂ ಕಂಪನಿಯ ಹಲವು ದೇಶಗಳ ನೌಕರರಿಂದ 1967ರಿಂದ 1973ರ ನಡುವೆ ತುಂಬಿಸಿಕೊಂಡ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳನ್ನು ಅಧ್ಯಯನ ಮಾಡಿದರು. ಮೇಲಧಿಕಾರಿಗೆ ಎದುರಾಡುವುದು, ಒಬ್ಬರೇ ನಿರ್ಧರಿಸುವುದು, ಅನಿಶ್ಚಿತತೆಗೆ ಹೆದರುವುದು ಇಂಥ ವಿಷಯಗಳಲ್ಲಿ ದೇಶದಿಂದ ದೇಶಕ್ಕೆ ಸರಾಸರಿ ವ್ಯತ್ಯಾಸ ಕಂಡಿತು. 1980ರಲ್ಲಿ ಇದು ಪುಸ್ತಕವಾಗಿ ಬಂತು. ಇಂದಿನ ಎಷ್ಟೋ ಪಟ್ಟಿಗಳ ಮೂಲ ಹುಡುಕುತ್ತಾ ಹೋದರೆ ಸಿಗುವುದು ಈ ಅಧ್ಯಯನ.

ಆದರೆ ಈ ಅಂಕಗಳು ದೇಶದ ಸರಾಸರಿ, ಅವುಗಳಿಂದ ಒಬ್ಬ ವ್ಯಕ್ತಿಯನ್ನು ಅಳೆಯಬಾರದು ಎಂದು ಹಾಫ್‌ಸ್ಟೆಡ್ ಅವರೇ ಎಚ್ಚರಿಸಿದ್ದರು. ಒಂದು ಊರಿನ ಸರಾಸರಿ ಎತ್ತರ ಗೊತ್ತಿದ್ದರೆ ಅಲ್ಲಿಂದ ಬಂದ ಒಬ್ಬನಿಗೆ ಅಂಗಿ ಹೊಲಿಯಲಾಗದು. ಅವನ ಅಳತೆಯನ್ನೇ ತೆಗೆದುಕೊಳ್ಳಬೇಕು.

ಇದನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. ನಮ್ಮ ಬಗ್ಗೆಯೂ ವಿದೇಶಗಳಲ್ಲಿ ಇಂಥ ಪಟ್ಟಿಗಳಿವೆ. ‘ಭಾರತೀಯರು ಎಂದೂ ಇಲ್ಲ ಎನ್ನುವುದಿಲ್ಲ’ ಎಂಬುದು ಅವುಗಳಲ್ಲಿ ಒಂದು. ಹತ್ತು ರೂಪಾಯಿ ಟಿಕೆಟ್‌ಗೆ 500ರ ನೋಟು ಕೊಟ್ಟವರಿಗೆ ನಮ್ಮ ಬಸ್ ಕಂಡಕ್ಟರ್ ಹೇಳುವ ‘ಇಲ್ಲ’ವನ್ನು ಈ ಪಟ್ಟಿ ಬರೆದವರು ಕೇಳಿರಲಿಕ್ಕಿಲ್ಲ! ಹುಬ್ಬಳ್ಳಿಯ ‘ಬರ್ರಿ’, ಮಂಗಳೂರಿನ ‘ಬನ್ನಿ ಮಾರಾಯ್ರೆ’ ಎರಡನ್ನೂ ಒಂದೇ ಸಾಲಿನಲ್ಲಿ ಹಿಡಿಯಲಾಗದಿದ್ದರೆ ಇಡೀ ಜರ್ಮನಿಯನ್ನು ಹಿಡಿಯಲಾದೀತೇ?

ಮಾತು ತಲುಪದಿದ್ದರೆ ಏನಾಗುತ್ತದೆ?

ವಿಮಾನಯಾನದ ಇತಿಹಾಸದಲ್ಲಿ ಇದಕ್ಕೊಂದು ನೋವಿನ ಉದಾಹರಣೆಯಿದೆ. 1990ರ ಜನವರಿ 25ರಂದು ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಹೊರಟಿದ್ದ ಆವಿಯಾಂಕಾ 52 ವಿಮಾನದಲ್ಲಿ 158 ಜನರಿದ್ದರು. ಹವಾಮಾನ ಕೆಟ್ಟಿದ್ದರಿಂದ ಅದನ್ನು ದಾರಿಯಲ್ಲಿ ಮೂರು ಕಡೆ, ಒಟ್ಟು ಒಂದು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲೇ ಸುತ್ತಿಸಲಾಯಿತು. ಇಂಧನ ಮುಗಿಯುತ್ತಾ ಬಂತು.

ರೇಡಿಯೋದಲ್ಲಿ ಮಾತಾಡುತ್ತಿದ್ದ ಸಹಪೈಲಟ್ ‘ಪ್ರಯಾರಿಟಿ’ ಬೇಕು ಎಂದರು. ಮೊದಲ ಸಲ ಇಳಿಯಲಾಗದೆ ವಿಮಾನ ಮತ್ತೆ ಮೇಲೇರಿದಾಗ, ಎಮರ್ಜೆನ್ಸಿ ಎಂದು ತಿಳಿಸುವಂತೆ ಕ್ಯಾಪ್ಟನ್ ಹೇಳಿದರು. ಆದರೆ ಸಹಪೈಲಟ್ ನಿಯಂತ್ರಕರಿಗೆ ಹೇಳಿದ್ದು ಇಂಧನ ಮುಗಿಯುತ್ತಿದೆ ಎಂದಷ್ಟೇ. ಇನ್ನೊಂದು ಸುತ್ತು ಕಳಿಸುವಾಗ, ನಿಮ್ಮ ಇಂಧನಕ್ಕೆ ಇದು ಸರಿಯಾಗುತ್ತದೆಯೇ ಎಂದು ನಿಯಂತ್ರಕರು ಕೇಳಿದರು. ಸರಿಯಿರಬಹುದು, ಧನ್ಯವಾದ ಎಂಬರ್ಥದ ಉತ್ತರ ಬಂತು. ಕೆಲವೇ ನಿಮಿಷಗಳಲ್ಲಿ ಎಂಜಿನ್‌ಗಳು ನಿಂತು, ವಿಮಾನ ಲಾಂಗ್ ಐಲ್ಯಾಂಡಿನ ಕೋವ್ ನೆಕ್ ಎಂಬಲ್ಲಿ ಬಿತ್ತು. 73 ಜನ ಸತ್ತರು.

ಸಿಬ್ಬಂದಿ ಇಂಧನವನ್ನು ಸರಿಯಾಗಿ ನಿಭಾಯಿಸಲಿಲ್ಲ, ತುರ್ತು ಪರಿಸ್ಥಿತಿಯನ್ನು ತಿಳಿಸಲೂ ಇಲ್ಲ ಎಂದು ಅಮೆರಿಕದ ತನಿಖಾ ಮಂಡಳಿ ಹೇಳಿತು. ಇಂಧನ ಕಡಿಮೆಯಿದೆ ಎಂದು ತಿಳಿಸಲು ಎಲ್ಲರಿಗೂ ಒಂದೇ ರೀತಿ ಅರ್ಥವಾಗುವ ಪದಗಳು ಇಲ್ಲದಿರುವುದನ್ನೂ ವರದಿ ಗುರುತಿಸಿತು. ‘ಪ್ರಯಾರಿಟಿ’ ಪೈಲಟ್‌ಗಳ ಮನಸ್ಸಿನಲ್ಲಿ ತುರ್ತಿನ ಮಾತಾಗಿತ್ತು. ನಿಯಂತ್ರಕರ ಕಿವಿಗೆ ಅದು ಸಾಧಾರಣ ಕೋರಿಕೆ. ಎಲ್ಲ ಬಿಟ್ಟು ದಾರಿ ಮಾಡಿಕೊಡುವ ಬಲ ‘ಎಮರ್ಜೆನ್ಸಿ’ ಎಂಬ ಪದಕ್ಕಿತ್ತು, ಆ ಪದ ಅವರಿಗೆ ಕೇಳಲೇ ಇಲ್ಲ.

ಈ ದುರಂತವನ್ನು ‘ಕೊಲಂಬಿಯಾದವರು ಅಧಿಕಾರಿಗಳ ಮುಂದೆ ಗಟ್ಟಿಯಾಗಿ ಮಾತಾಡುವುದಿಲ್ಲ’ ಎಂದು ವಿವರಿಸುವವರಿದ್ದಾರೆ. ಮಾಲ್ಕಂ ಗ್ಲ್ಯಾಡ್‌ವೆಲ್ ಅವರ 2008ರ ‘ಔಟ್‌ಲೈಯರ್ಸ್’ ಪುಸ್ತಕದಿಂದ ಈ ವಿವರಣೆ ಜನಪ್ರಿಯವಾಯಿತು. ಸಂಸ್ಕೃತಿಯ ಪಾಲು ಎಷ್ಟಿತ್ತು ಎಂಬ ಚರ್ಚೆ ಏನೇ ಇರಲಿ, ಪರಿಹಾರ ಸಿಕ್ಕಿದ್ದು ಎಲ್ಲಿ ಎಂಬುದನ್ನು ಗಮನಿಸಿ. ಈಗ ಅಂತರರಾಷ್ಟ್ರೀಯ ನಿಯಮದ ಪ್ರಕಾರ ‘ಮಿನಿಮಮ್ ಫ್ಯೂಯೆಲ್’ ಎಂದರೆ ಒಂದು ಅರ್ಥ, ‘ಮೇಡೇ ಫ್ಯೂಯೆಲ್’ ಎಂದರೆ ಇನ್ನೊಂದು ಅರ್ಥ. ಪೈಲಟ್ ಯಾವ ದೇಶದವರಾದರೂ, ಎಷ್ಟು ಸಂಕೋಚದವರಾದರೂ ಪದ ಬದಲಾಗುವುದಿಲ್ಲ. ಮುಖ್ಯ ಸೂಚನೆ ಬಂದಾಗ ಪೈಲಟ್ ಅದನ್ನು ಮರಳಿ ಹೇಳಬೇಕು, ತಪ್ಪಿದ್ದರೆ ನಿಯಂತ್ರಕರು ತಿದ್ದಬೇಕು. ಯಾರ ಸ್ವಭಾವವನ್ನೂ ಬದಲಿಸದೆ ಅಪಾಯ ಕಡಿಮೆ ಮಾಡುವ ದಾರಿ ಇದು.

ಇಂಗ್ಲಿಷ್ ಚೆನ್ನಾಗಿ ಬಂದರೆ ಸಾಲದೇ?

ಇಂಗ್ಲಿಷ್ ಬರುವವರ ನಡುವೆಯೂ ಎಡವಟ್ಟಾಗುತ್ತದೆ. ಮೀಟಿಂಗಿನಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡೋಣ ಎಂದರೆ ಬ್ರಿಟಿಷರಿಗೆ ‘ಈಗಲೇ ಚರ್ಚಿಸೋಣ’ ಎಂದರ್ಥ, ಅಮೆರಿಕದವರಿಗೆ ‘ಪಕ್ಕಕ್ಕಿಡೋಣ’ ಎಂದರ್ಥ. ಎರಡನೇ ಮಹಾಯುದ್ಧದ ಸಮಯದಲ್ಲಿ ಈ ಪದದಿಂದಲೇ ಎರಡೂ ದೇಶದ ಅಧಿಕಾರಿಗಳ ನಡುವೆ ದೊಡ್ಡ ವಾದ ನಡೆಯಿತು ಎಂದು ಚರ್ಚಿಲ್ ಬರೆದಿದ್ದಾರೆ. ಇಬ್ಬರಿಗೂ ಬೇಕಿದ್ದದ್ದು ಒಂದೇ!

ನಮ್ಮ ಇಂಗ್ಲಿಷಿನಲ್ಲೂ ಇಂಥವಿವೆ. ‘ಐ ಹ್ಯಾವ್ ಎ ಡೌಟ್’ ಎಂದರೆ ನಮಗೆ ‘ಒಂದು ಪ್ರಶ್ನೆಯಿದೆ’ ಎಂದಷ್ಟೇ. ಬೇರೆಡೆ ‘ನಿಮ್ಮ ಮಾತಿನ ಮೇಲೆ ನಂಬಿಕೆ ಇಲ್ಲ’ ಎಂಬಂತೆ ಕೇಳಬಹುದು. ಕನ್ನಡದಲ್ಲಿ ‘ನೋಡೋಣ’ ಎಂದರೆ ಎಷ್ಟೋ ಸಲ ‘ಆಗಲಿಕ್ಕಿಲ್ಲ’ ಎಂದೇ ಅರ್ಥ, ಅದು ನಮ್ಮವರಿಗೆ ದನಿಯಲ್ಲೇ ತಿಳಿಯುತ್ತದೆ. ಅದನ್ನೇ ‘ಐ ವಿಲ್ ಟ್ರೈ’ ಎಂದು ಇಂಗ್ಲಿಷಿಗೆ ತಿರುಗಿಸಿದರೆ ಎದುರಿನವರು ಕೆಲಸ ಆಗುತ್ತದೆ ಎಂದು ಕಾಯುತ್ತಾ ಕೂರುತ್ತಾರೆ.

ಹಾಗಾದರೆ ಏನು ಮಾಡಬೇಕು?

1. ಮರಳಿ ಹೇಳಿ. ಫೋನಿನಲ್ಲಿ ಕೆಲಸ ಒಪ್ಪಿಕೊಂಡ ಮೇಲೆ ‘ಹಾಗಾದರೆ ಶುಕ್ರವಾರ ಸಂಜೆಯೊಳಗೆ ಈ ಎರಡು ಫೈಲು ಕಳಿಸುತ್ತೇನೆ, ಸರಿಯೇ?’ ಎಂದು ನಿಮ್ಮ ಮಾತಿನಲ್ಲಿ ಹೇಳಿ. ನಂತರ ಎರಡು ಸಾಲಿನ ಇಮೇಲ್ ಹಾಕಿ.

2. ‘ಅರ್ಥವಾಯಿತೇ?’ ಎಂದು ಕೇಳಬೇಡಿ. ಅದಕ್ಕೆ ಹೆಚ್ಚಿನವರು ‘ಹೌದು’ ಎಂದೇ ಹೇಳುತ್ತಾರೆ. ‘ಮೊದಲು ಯಾವುದನ್ನು ಮಾಡುತ್ತೀರಿ?’ ಎಂದು ಕೇಳಿ. ಉತ್ತರದಲ್ಲೇ ಎಲ್ಲ ಗೊತ್ತಾಗುತ್ತದೆ.

3. ದಿನಾಂಕ, ಅಂಕಿ, ಅಳತೆ ಬಿಡಿಸಿ ಬರೆಯಿರಿ. 03/04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದಲ್ಲಿ ಮಾರ್ಚ್ 4. ತಿಂಗಳ ಹೆಸರನ್ನೇ ಬರೆಯಿರಿ. ಜರ್ಮನಿಯಲ್ಲಿ 1.500 ಎಂದರೆ ಒಂದೂವರೆ ಅಲ್ಲ, ಸಾವಿರದ ಐನೂರು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇನ್ನೂ ಎಚ್ಚರವಾಗಿರಬೇಕು. ಇಂಗ್ಲೆಂಡಿನಲ್ಲಿ ರಕ್ತದ ಸಕ್ಕರೆಯನ್ನು ಬೇರೆ ಅಳತೆಯಲ್ಲಿ ಹೇಳುತ್ತಾರೆ. ಅಲ್ಲಿನ 7 ನಮ್ಮ 126ಕ್ಕೆ ಸಮ.

4. ‘ಆಗುವುದಿಲ್ಲ’ ಎನ್ನಲು ಕಲಿಯಿರಿ. ಬರೀ ‘ಇಲ್ಲ’ ಒರಟೆನಿಸಿದರೆ ಜೊತೆಗೆ ಏನು ಸಾಧ್ಯ ಎಂದೂ ಹೇಳಿ: ‘ನಾಳೆಗೆ ಆಗುವುದಿಲ್ಲ. ಗುರುವಾರ ಕೊಡಬಲ್ಲೆ.’ ತಡವಾಗುವುದು ಮೊದಲೇ ಗೊತ್ತಿದ್ದರೆ ಮೊದಲೇ ತಿಳಿಸಿ.

5. ವ್ಯಕ್ತಿಯನ್ನೇ ಕೇಳಿ. ನಿಮ್ಮನ್ನು ಹೇಗೆ ಕರೆಯಲಿ, ತಪ್ಪು ಕಂಡರೆ ಎಲ್ಲರ ಮುಂದೆ ಹೇಳಲೋ ಪ್ರತ್ಯೇಕವಾಗಿ ಹೇಳಲೋ ಎಂದು ಆರಂಭದಲ್ಲೇ ಕೇಳಬಹುದು. ‘ಸರ್, ಮೇಡಂ’ ಎಂದು ಅಭ್ಯಾಸವಾದವರಿಗೆ ಮ್ಯಾನೇಜರನ್ನು ಹೆಸರು ಹಿಡಿದು ಕರೆಯುವುದು ಕಷ್ಟ, ಕೆಲವರಿಗೆ ‘ಸರ್’ ಎನಿಸಿಕೊಳ್ಳುವುದೇ ಕಷ್ಟ.

6. ತೀರ್ಪು ಕೊಡುವ ಮುನ್ನ ತಡೆಯಿರಿ. ಒಂದೇ ಸಾಲಿನ ಖಾರವಾದ ಉತ್ತರ ಬಂದರೆ ‘ಸೊಕ್ಕಿನವರು’ ಎಂದುಕೊಳ್ಳುವ ಮೊದಲು ಬೇರೆ ಎರಡು ಕಾರಣ ಯೋಚಿಸಿ. ಅವರಿಗೂ ಇಂಗ್ಲಿಷ್ ಎರಡನೇ ಭಾಷೆಯಾಗಿರಬಹುದು. ಅಥವಾ ಅವರಲ್ಲಿ ಆಗ ರಾತ್ರಿ ಹನ್ನೊಂದಾಗಿರಬಹುದು.

ನಮ್ಮತನ ಬಿಡಬೇಕೇ?

‘ಗ್ಲೋಬಲ್ ಆಗಬೇಕಾದರೆ ಮೊದಲು ನಿಮ್ಮ ಉಚ್ಚಾರಣೆ ಬದಲಿಸಿ’ ಎನ್ನುವ ವಿಡಿಯೋಗಳೂ ಹರಿದಾಡುತ್ತವೆ. ಅದು ಬೇಕಿಲ್ಲ. ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಮಾತಾಡಿದರೆ ಕನ್ನಡದ ಛಾಯೆಯಿರುವ ಇಂಗ್ಲಿಷೂ ಚೆನ್ನಾಗಿ ಅರ್ಥವಾಗುತ್ತದೆ. ಮನೆಯಲ್ಲಿ ಒಂದು ಕನ್ನಡ, ಆಫೀಸಿನಲ್ಲಿ ಇನ್ನೊಂದು, ಪಕ್ಕದ ಮನೆಯವರ ಜೊತೆ ತಮಿಳೋ ತುಳುವೋ ಹಿಂದಿಯೋ ಬೆರೆತ ಮತ್ತೊಂದು, ಹೀಗೆ ಎದುರಿನವರನ್ನು ನೋಡಿ ಮಾತು ಬದಲಿಸುವುದು ನಮ್ಮಲ್ಲಿ ಅನೇಕರಿಗೆ ಹೊಸತಲ್ಲ. ಅದನ್ನೇ ಕೆಲಸದ ಜಾಗಕ್ಕೂ ಒಯ್ದರೆ ಸಾಕು.

ಫಾರ್ವರ್ಡ್ ಮಾಡುವ ಮುನ್ನ

ಮುಂದಿನ ಸಲ ‘ಆ ದೇಶದವರು ಹೀಗೆ’ ಎಂಬ ಮೆಸೇಜು ಬಂದರೆ, ‘ಆ ದೇಶದವರು’ ಎಂಬಲ್ಲಿ ‘ಕನ್ನಡಿಗರು’ ಎಂದು ಹಾಕಿ ಓದಿ ನೋಡಿ. ನಿಮ್ಮ ಮನೆಯವರೆಲ್ಲರಿಗೂ ಅದು ಹೊಂದುತ್ತದೆಯೇ? ಹೊಂದದಿದ್ದರೆ ಅವರಿಗೂ ಹೊಂದಲಿಕ್ಕಿಲ್ಲ. ಕೆಲಸಕ್ಕೆ ಹೊರಟ ಮಗನಿಗೋ ಮಗಳಿಗೋ ಏನಾದರೂ ಕಳಿಸಲೇಬೇಕೆಂದಿದ್ದರೆ ಒಂದೇ ಸಾಲು ಕಳಿಸಿ: ಕೇಳಿದ್ದನ್ನು ಮರಳಿ ಹೇಳು, ಗೊತ್ತಾಗದಿದ್ದರೆ ಸಂಕೋಚವಿಲ್ಲದೆ ಕೇಳು.