ಯಂತ್ರಕ್ಕೆ ಅರಿವು ಉಂಟೇ?

ಊರಿಗೆ ಬಂದಾಗಲೆಲ್ಲ ಈಗ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: "ಮೊಬೈಲಿನಲ್ಲಿ ಮಾತಾಡುತ್ತದಲ್ಲ, ಅದಕ್ಕೆ ನಾವು ಹೇಳುವುದು ನಿಜವಾಗಿ ಗೊತ್ತಾಗುತ್ತದೆಯೇನಪ್ಪಾ?" ಪ್ರೋಗ್ರಾಂ ಬರೆಯುವುದು ನನ್ನ ಕಸುಬು, ಅದಕ್ಕೇ ನನ್ನನ್ನು ಕೇಳುತ್ತಾರೆ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಪ್ರಶ್ನೆಯ ಇತಿಹಾಸವನ್ನು ಹೇಳಬೇಕೆನಿಸಿತು. ಅದು ಕಂಪ್ಯೂಟರಿಗಿಂತ ಬಹಳ ಹಳೆಯದು.

ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್ 1637ರಲ್ಲಿ ಪ್ರಾಣಿಗಳನ್ನು ಗಡಿಯಾರದಂಥ ಯಂತ್ರಗಳೆಂದು ವಾದಿಸಿದರು. ಯಂತ್ರ ಕೆಲವು ಮಾತುಗಳನ್ನು ಉಚ್ಚರಿಸಬಹುದು; ಆದರೆ ಎದುರಿಗಿದ್ದವರು ಏನು ಹೇಳಿದರೂ ತಕ್ಕ ಉತ್ತರ ಕೊಡುವುದು ಮನುಷ್ಯನಿಗೆ ಮಾತ್ರ ಸಾಧ್ಯ ಎಂದರು. 1714ರಲ್ಲಿ ಜರ್ಮನಿಯ ಲೈಬ್ನಿಟ್ಸ್ ಒಂದು ಉಪಮೆ ಕೊಟ್ಟರು. ಯೋಚಿಸುವ ಯಂತ್ರವೊಂದನ್ನು ಹಿಟ್ಟಿನ ಗಿರಣಿಯಷ್ಟು ದೊಡ್ಡದಾಗಿಸಿ ಒಳಹೊಕ್ಕರೆ, ಒಂದನ್ನೊಂದು ತಳ್ಳುವ ಭಾಗಗಳು ಕಾಣುತ್ತವೆಯೇ ಹೊರತು ಅರಿವು ಎಲ್ಲಿಯೂ ಕಾಣದು. ವೈದ್ಯ ಲಾ ಮೆಟ್ರಿ ಇದಕ್ಕೆ ವಿರುದ್ಧವಾಗಿ, ಮನುಷ್ಯನೂ ಯಂತ್ರವೇ ಎಂದು 1747ರಲ್ಲಿ ಪುಸ್ತಕ ಬರೆದು, ಹಾಲೆಂಡ್ ಬಿಟ್ಟು ಹೋಗಬೇಕಾಯಿತು.

1843ರಲ್ಲಿ ಇಂಗ್ಲೆಂಡಿನ ಏಡಾ ಲವ್‌ಲೇಸ್, ಬ್ಯಾಬೇಜ್ ಯೋಜಿಸಿದ್ದ ಗಣಕಯಂತ್ರದ ಬಗ್ಗೆ ಟಿಪ್ಪಣಿ ಬರೆದರು. ನಾವು ಆಜ್ಞಾಪಿಸಿದ್ದನ್ನಷ್ಟೇ ಅದು ಮಾಡೀತು, ಹೊಸದನ್ನು ತಾನಾಗಿ ಹುಟ್ಟಿಸದು ಎಂಬುದು ಅವರ ಅಭಿಪ್ರಾಯ. ಅಲನ್ ಟ್ಯೂರಿಂಗ್ 1950ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಇದಕ್ಕೆ ಉತ್ತರಿಸಿ, ಯಂತ್ರಗಳು ತಮ್ಮನ್ನು ಆಗಾಗ ಅಚ್ಚರಿಗೊಳಿಸುತ್ತವೆ ಎಂದರು. ಯಂತ್ರಕ್ಕೆ ಭಾವನೆ ಇಲ್ಲವೆಂಬ ಆಕ್ಷೇಪಕ್ಕೆ ಅವರ ಉತ್ತರ ಇನ್ನೂ ಹರಿತ: ಖಚಿತವಾಗಿ ತಿಳಿಯಲು ನಾವೇ ಆ ಯಂತ್ರವಾಗಬೇಕು, ಪಕ್ಕದ ಮನುಷ್ಯನ ವಿಷಯದಲ್ಲೂ ಹಾಗೆಯೇ ಅಲ್ಲವೇ?

1966ರಲ್ಲಿ ಅಮೆರಿಕದ ಜೋಸೆಫ್ ವೈಜೆನ್‌ಬಾಮ್ 'ಎಲೈಜಾ' ಎಂಬ ಪ್ರೋಗ್ರಾಂ ಪ್ರಕಟಿಸಿದರು. "ಬೇಸರವಾಗಿದೆ" ಎಂದರೆ "ಯಾಕೆ ಬೇಸರ?" ಎನ್ನುವ ಧಾಟಿಯಲ್ಲಿ, ಹೇಳಿದ ಮಾತನ್ನೇ ಅದು ತಿರುಗಿಸಿ ಕೇಳುತ್ತಿತ್ತು, ಅಷ್ಟೆ. ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಿಗಿಳಿದು, ಸ್ವಲ್ಪ ಹೊರಗೆ ಹೋಗುವಿರಾ ಎಂದು ಅವರನ್ನು ಕೇಳಿದರಂತೆ! ವೈಜೆನ್‌ಬಾಮ್ ಗಾಬರಿಯಾದರು.

ಇಂದಿನ ಪ್ರೋಗ್ರಾಂಗಳು ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುವುದನ್ನು ಕಂಡು, ಅವಕ್ಕೆ ಸ್ವಂತ ಮನಸ್ಸಿದೆ ಎನ್ನುವವರುಂಟು. ಆ ವ್ಯತ್ಯಾಸ ಹೆಚ್ಚಾಗಿ ಯಾದೃಚ್ಛಿಕ ಸಂಖ್ಯೆಗಳಿಂದ ಬರುತ್ತದೆ. ಅವನ್ನೂ ಸಾಮಾನ್ಯವಾಗಿ ಪ್ರೋಗ್ರಾಮೇ ಲೆಕ್ಕ ಹಾಕುತ್ತದೆ; ಆರಂಭದ ಸಂಖ್ಯೆ ಅದೇ ಇದ್ದರೆ ಅದೇ ಸಾಲು ಮತ್ತೆ ಬರುತ್ತದೆ. ಹಾಗೆಂದು, ನಿಯಮಬದ್ಧವಾದುದಕ್ಕೆಲ್ಲ ಅರಿವು ಅಸಾಧ್ಯವೆಂದೂ ಹೇಳಲಾಗದು. ಮುಳ್ಳು ಚುಚ್ಚಿದಾಗ ಕಾಲು ತಾನಾಗಿ ಹಿಂದೆ ಸರಿಯುವುದು ನರಗಳ ನಿಯಮದಂತೆ, ಆದರೂ ನೋವಾಗುತ್ತದಲ್ಲ!

ಆದ್ದರಿಂದ ನಿಯಮಬದ್ಧತೆ ಈ ಪ್ರಶ್ನೆಯನ್ನು ತೀರ್ಮಾನಿಸುವುದಿಲ್ಲ. ಮಾತೂ ತೀರ್ಮಾನಿಸುವುದಿಲ್ಲ, ಎಲೈಜಾ ಕಲಿಸಿದ ಪಾಠ ಅದೇ. ಮುಂದೊಂದು ದಿನ ಯಂತ್ರಕ್ಕೆ ಅರಿವು ಬಂದೀತೋ ಇಲ್ಲವೋ, ಬಾಗಿಲು ತೆರೆದೇ ಇರಲಿ. ಈಗಿನ ಮೊಬೈಲಿನ ಸಾಂತ್ವನದ ಹಿಂದೆ ಮರುಕವಿದೆ ಎನ್ನಲು ಮಾತ್ರ ನನಗೆ ಆಧಾರ ಕಾಣುತ್ತಿಲ್ಲ.

ಈ ಶಾಲೆಯಲ್ಲಿ ಈಗ ಓದುತ್ತಿರುವ ತಮ್ಮ ತಂಗಿಯರಿಗೆ ನನ್ನ ಮಾತಿಷ್ಟೇ: ಗಣಿತದ ಸಂದೇಹವನ್ನು ಅದರ ಬಳಿ ಧಾರಾಳವಾಗಿ ಕೇಳಿ, ಉತ್ತರವನ್ನು ತಾಳೆ ನೋಡಿ. ಮನಸ್ಸಿನ ಸಂಕಟವನ್ನು ಮಾತ್ರ ಮೊದಲು ಮನೆಯವರಿಗೋ ಮೇಷ್ಟ್ರಿಗೋ ಹೇಳಿ. ಮರುದಿನ ನೀವು ತರಗತಿಗೆ ಬಾರದಿದ್ದರೆ "ಯಾಕೆ ಬಂದಿಲ್ಲ?" ಎಂದು ವಿಚಾರಿಸುವವರು ಅವರೇ.