ಮನೆಪಟ್ಟಿ ರಸೀದಿಯಲ್ಲಿ ಒಂದು ಸಾಲು

ಶೇಂಗಾ ಕಿತ್ತು ಮುಗೀತು, ಕೈಯಲ್ಲಿ ನಾಕು ಕಾಸು ಇತ್ತು, ಮೊನ್ನೆ ಪಂಚಾಯ್ತಿಗೆ ಹೋಗಿ ಮನೆಪಟ್ಟಿ ಕಟ್ಟಿ ಬಂದೆ. ಆ ರಸೀದಿ ಯಾವತ್ತಾದ್ರೂ ಓದಿದ್ದೀರಾ? ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರ, ಅದರ ಜೊತೆಗೇ ಗ್ರಂಥಾಲಯ ಕರ. ನೂರು ರೂಪಾಯಿ ತೆರಿಗೆಗೆ 6 ರೂಪಾಯಿ. "ಯಾವ ಗ್ರಂಥಾಲಯ ಮಾರಾಯ, ಯಾರು ಹೋಗ್ತಾರೆ ಅಲ್ಲಿಗೆ?" ಅಂತ ಪಕ್ಕದಲ್ಲಿ ನಿಂತವರು ಗೊಣಗಿದರು. ನಾನೂ ಹಿಂದೆ ಹಾಗೇ ಅಂದವನು.

ನಮ್ಮ ಅಂಕೋಲೆ ಕರ ಕೊಡುವುದಿಲ್ಲ ಅಂತಲೇ ಹೆಸರು ಮಾಡಿದ ಊರು. 1930ರಲ್ಲಿ ಉಪ್ಪಿನ ಸತ್ಯಾಗ್ರಹ, ಅದರ ಬೆನ್ನಿಗೆ ಕರನಿರಾಕರಣೆ. ಜಮೀನು ಜಪ್ತಿಯಾದರೂ ರೈತರು ಜಗ್ಗಲಿಲ್ಲ. ಅಂಥವರ ಮೊಮ್ಮಕ್ಕಳ ಮೇಲೆ ಪುಸ್ತಕದ ಕರ ಬಂದದ್ದು ಹೇಗೆ?

1862ರಿಂದ ನಮ್ಮ ಜಿಲ್ಲೆ ಮುಂಬೈಗೆ ಸೇರಿತ್ತು. ಆಗ ವಾಚನಾಲಯ ಅಂದ್ರೆ ಪೇಟೆಯ ವಕೀಲರು, ಮಾಸ್ತರರು ವಂತಿಗೆ ಹಾಕಿ ನಡೆಸುವಂಥದ್ದು. ವಂತಿಗೆ ಕೊಟ್ಟವನಿಗೆ ಪುಸ್ತಕ. 1939ರಲ್ಲಿ ಮುಂಬೈ ಸರ್ಕಾರ ಫೈಜಿಯವರ ಸಮಿತಿ ಮಾಡಿತು. ಆಮೇಲೆ ಇದ್ದ ಲೈಬ್ರರಿಗಳಿಗೇ ಅನುದಾನ ಕೊಡುವ ಪದ್ಧತಿ ಬಂತು. ಕರದ ಮಾತಿಲ್ಲ.

ಕರದ ದಾರಿ ತೋರಿಸಿದವರು ಎಸ್.ಆರ್. ರಂಗನಾಥನ್. ವಂತಿಗೆಯ ಲೈಬ್ರರಿ ಬಡವನದಾಗುವುದಿಲ್ಲ, ಎಲ್ಲರೂ ಚೂರು ಚೂರು ಕರ ಕೊಟ್ಟರೆ ಅದು ಎಲ್ಲರದು ಅನ್ನುವುದು ಅವರ ಲೆಕ್ಕ. 1948ರಲ್ಲಿ ಮದರಾಸಿನಲ್ಲಿ ಹಾಗೆ ಕಾಯ್ದೆ ಆಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅಲ್ಲಿಯೂ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಗಿ, 1966ರ ನವೆಂಬರ್ 1ಕ್ಕೆ ಜಾರಿಗೆ ಬಂತು. ಕಾರವಾರದ ಜಿಲ್ಲಾ ಕೇಂದ್ರ ಗ್ರಂಥಾಲಯ, ತಾಲೂಕಿನ ಶಾಖೆಗಳು ಎಲ್ಲ ಆ ಕಾಯ್ದೆಯ ಕೆಳಗಿನವೇ. ಗಮನಿಸಿ, ಮನೆ ತೆರಿಗೆ ಅಷ್ಟೇ ಅಲ್ಲ, ಭೂಕಂದಾಯದಲ್ಲೂ ಒಂದು ಪಾಲು ಲೈಬ್ರರಿಗೆ ಅಂತ ಕಾಯ್ದೆಯಲ್ಲಿ ಬರೆದಿದ್ದಾರೆ. ಅಂದ್ರೆ ಗದ್ದೆಯ ದುಡ್ಡೂ ಅಲ್ಲಿದೆ.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಸಂತೆಗೆ ಹೋದಾಗ ಪೇಟೆಯ ವಾಚನಾಲಯದ ಜಗಲಿಯಲ್ಲಿ ಬುಟ್ಟಿ ಇಟ್ಟು ಕೂರುತ್ತಿದ್ದ. ಯಾರೋ ಒಬ್ಬರು ಪೇಪರು ಗಟ್ಟಿಯಾಗಿ ಓದುವರು. 1974ರ ಭೂಸುಧಾರಣೆ, ಗೇಣಿದಾರ 7ನೇ ನಮೂನೆ ಅರ್ಜಿ ಕೊಡಬೇಕು ಅನ್ನುವ ಸುದ್ದಿ ಅಪ್ಪನ ಕಿವಿಗೆ ಬಿದ್ದದ್ದು ಆ ಜಗಲಿಯಲ್ಲೇ. ಧಣಿಗಳು ಹೇಳುವವರಾ? ಅರ್ಜಿ ಬರೆದುಕೊಟ್ಟವರೂ ಅಲ್ಲೇ ಪೇಪರು ಓದುತ್ತಿದ್ದ ಒಬ್ಬ ಮಾಸ್ತರರು. ನಾನು ಇವತ್ತು ಶೇಂಗಾ ಕಿತ್ತ ಗದ್ದೆ ಅದೇ.

ಹಾಗಿದ್ದೂ ಎಸ್ಸೆಸ್ಸೆಲ್ಸಿ ಪಾಸಾದ ನಾನು ಇಪ್ಪತ್ತು ವರ್ಷ ಆ ಮೆಟ್ಟಿಲು ಹತ್ತಲಿಲ್ಲ. ಮೊಬೈಲಲ್ಲಿ ಎಲ್ಲ ಸಿಗ್ತದೆ ಅಂತ.

2019ರಲ್ಲಿ ಪಂಚಾಯ್ತಿ ಲೈಬ್ರರಿಗಳನ್ನ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಕೊಟ್ಟರು, ಈಗ ಅರಿವು ಕೇಂದ್ರ ಅಂತ ಹೆಸರು. ಮನೆಪಟ್ಟಿ ಕಟ್ಟಿದ ದಿನ ರಸೀದಿ ಕಿಸೆಯಲ್ಲಿಟ್ಟುಕೊಂಡೇ ಒಳಗೆ ಹೋದೆ. ನಾಕೈದು ಮಕ್ಕಳು, ಪರೀಕ್ಷೆಗೆ ಓದುವ ಒಬ್ಬ ಹುಡುಗಿ. ಕಾಳುಮೆಣಸಿನ ಸೊರಗು ರೋಗದ ಮೇಲೆ ಒಂದು ಪುಸ್ತಕ ಸಿಕ್ಕಿತು, ತಂದಿದ್ದೇನೆ. ಓದಿ ವಾಪಸ್ ಕೊಟ್ಟ ಮೇಲೆ ಇಲ್ಲಿ ಬರೀತೇನೆ, ಬೇಕಾದವರು ತಗೊಳ್ಳಿ. ಸೋಮವಾರ ಮಾತ್ರ ಹೋಗಬೇಡಿ, ಬಾಗಿಲು ಹಾಕಿರ್ತದೆ.