ಹಾಯಿಹಡಗಿನ ದುರಸ್ತಿ: ಮರ, ನಾರು ಮತ್ತು ಕೈಯರಿವಿನ ಚರಿತ್ರೆ

ಸಮುದ್ರದಲ್ಲಿ ಚಲಿಸುವ ಹಡಗುಗಳು ಅಲ್ಲಾಹನ ದೃಷ್ಟಾಂತಗಳಲ್ಲಿ ಸೇರಿವೆ ಎಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ನೆನಪಿಸುತ್ತದೆ. ಪ್ರವಾದಿ ನೂಹ್ (ಅ)ರವರ ನಾವೆಯ ವೃತ್ತಾಂತವನ್ನು ನಾವೆಲ್ಲರೂ ಮದ್ರಸದ ದಿನಗಳಿಂದಲೇ ಕೇಳುತ್ತಾ ಬಂದವರು. ಆ ನಾವೆಯ ವರ್ಣನೆಯಲ್ಲಿ ಹಲಗೆಗಳ ಜೊತೆಗೆ ‘ದುಸುರ್’ ಎಂಬ ಪದ ಬರುತ್ತದೆ (54:13). ಹೆಚ್ಚಿನ ಅನುವಾದಗಳಲ್ಲಿ ಇದಕ್ಕೆ ಮೊಳೆ ಎಂಬ ಅರ್ಥವಿದೆ. ಆದರೆ ಅರಬಿ ನಿಘಂಟುಕಾರರು ಇನ್ನೊಂದು ಅರ್ಥವನ್ನೂ ಕೊಟ್ಟಿದ್ದಾರೆ: ಹಡಗಿನ ಹಲಗೆಗಳನ್ನು ಬಿಗಿಯುವ ನಾರಿನ ಹಗ್ಗ. ನಮಗೆ ಇದು ವಿಚಿತ್ರವೆನಿಸಬಹುದು. ಆದರೆ ಅರಬಿ ಸಮುದ್ರದ ಎರಡೂ ದಡಗಳಲ್ಲಿ ನೂರಾರು ವರ್ಷ ಹಡಗುಗಳನ್ನು ಕಟ್ಟಿದ್ದು ಹಾಗೆಯೇ. ಅವುಗಳಿಗೆ ಮೊಳೆ ಹೊಡೆಯುತ್ತಿರಲಿಲ್ಲ. ತೆಂಗಿನ ನಾರಿನಿಂದ ಹೊಲಿಯುತ್ತಿದ್ದರು.

1183ರಲ್ಲಿ ಹಜ್ ಯಾತ್ರೆಗೆ ಹೊರಟ ಇಬ್ನ್ ಜುಬೈರ್ ಕೆಂಪು ಸಮುದ್ರದ ಐದಾಬ್ ಬಂದರಿನಲ್ಲಿ ಇಂತಹ ಹಡಗುಗಳನ್ನು ಕಂಡು ಬರೆದಿದ್ದಾರೆ. 14ನೇ ಶತಮಾನದ ಇಬ್ನ್ ಬತೂತಾ ಇದಕ್ಕೆ ಕಾರಣವನ್ನೂ ಹೇಳಿದ್ದಾರೆ. ಈ ಸಮುದ್ರದಲ್ಲಿ ಬಂಡೆಗಳು ಹೆಚ್ಚು; ಮೊಳೆ ಹೊಡೆದ ಹಡಗು ತಾಗಿದರೆ ಒಡೆಯುತ್ತದೆ, ನಾರಿನ ಹೊಲಿಗೆ ಇದ್ದದ್ದು ಬಾಗಿ ಉಳಿದುಕೊಳ್ಳುತ್ತದೆ. ಇದೇ ಇಬ್ನ್ ಬತೂತಾ 1342ರ ಸುಮಾರಿಗೆ ನಮ್ಮ ಹೊನ್ನಾವರಕ್ಕೂ ಬಂದಿದ್ದರು. ಅಲ್ಲಿನ ಸುಲ್ತಾನ್ ಜಮಾಲುದ್ದೀನ್ 52 ಹಡಗುಗಳ ಪಡೆಯನ್ನು ಸಜ್ಜುಗೊಳಿಸಿದ್ದನ್ನು ಅವರು ದಾಖಲಿಸಿದ್ದಾರೆ. ಆ ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ 13, ಗಂಡುಮಕ್ಕಳಿಗಾಗಿ 23 ಪಾಠಶಾಲೆಗಳಿದ್ದವೆಂದೂ ಬರೆದಿದ್ದಾರೆ. ಹಡಗು ಮತ್ತು ಶಾಲೆ ಎರಡೂ ಒಂದೇ ಊರಿನಲ್ಲಿ ಬೆಳೆದಿದ್ದವು ಎಂಬುದು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದ ವಿಷಯ.

ಹೊಲಿಗೆಯ ಕ್ರಮ

ಈ ಹಡಗಿನಲ್ಲಿ ಹಲಗೆಗಳನ್ನು ಅಂಚಿಗೆ ಅಂಚು ತಾಗಿಸಿ ನಿಲ್ಲಿಸುತ್ತಾರೆ. ಅಂಚಿನ ಉದ್ದಕ್ಕೂ ಸಮಾನ ಅಂತರದಲ್ಲಿ ತೂತುಗಳನ್ನು ಕೊರೆಯುತ್ತಾರೆ. ಸಂದಿಯ ಮೇಲೆ ನಾರಿನ ಹೊರೆಯನ್ನಿಟ್ಟು, ಒಳಗೊಬ್ಬ ಹೊರಗೊಬ್ಬ ಕುಳಿತು ಹುರಿಯನ್ನು ತೂತುಗಳಲ್ಲಿ ಹಾಯಿಸಿ ಎಳೆದು ಬಿಗಿಯುತ್ತಾರೆ. ಬಳಿಕ ತೂತುಗಳನ್ನು ನಾರು ಮತ್ತು ರಾಳದಿಂದ ಮುಚ್ಚುತ್ತಾರೆ. ಮರಕ್ಕೆ ಮೀನೆಣ್ಣೆ ಹಚ್ಚುತ್ತಾರೆ. ನೀರಿನಲ್ಲಿ ಮುಳುಗುವ ಭಾಗಕ್ಕೆ ಸುಣ್ಣ ಮತ್ತು ಕೊಬ್ಬನ್ನು ಕಲಸಿ ಬಳಿಯುತ್ತಾರೆ. ಇಲ್ಲವಾದರೆ ಮರ ಕೊರೆಯುವ ಹುಳ ಹಲಗೆಯನ್ನು ಜರಡಿ ಮಾಡಿಬಿಡುತ್ತದೆ.

ಇದರ ದೊಡ್ಡ ಪ್ರಯೋಜನ ದುರಸ್ತಿಯಲ್ಲಿದೆ. ಕಬ್ಬಿಣದ ಮೊಳೆ ಉಪ್ಪುನೀರಿಗೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಅದನ್ನು ಕೀಳಲು ಹೋದರೆ ಹಲಗೆಯೇ ಸೀಳುತ್ತದೆ. ಹೊಲಿದ ಹಡಗಿನಲ್ಲಾದರೋ ಹುರಿಯನ್ನು ಕತ್ತರಿಸಿದರೆ ಹಲಗೆ ಕಳಚಿ ಬರುತ್ತದೆ. ಅದೇ ಅಳತೆಯ ಹೊಸ ಹಲಗೆ ಕೂರಿಸಿ, ಪಕ್ಕದ ಹಲಗೆಯ ಹಳೆಯ ತೂತುಗಳಿಗೆ ಸರಿಯಾಗಿ ತೂತು ಕೊರೆದು ಮತ್ತೆ ಹೊಲಿದರಾಯಿತು. ಮಳೆಗಾಲದಲ್ಲಿ ಸಮುದ್ರಯಾನ ನಿಂತಾಗ ಹಡಗನ್ನು ದಡಕ್ಕೆಳೆದು, ಸಡಿಲವಾದ ನಾರನ್ನು ತೆಗೆದು ಹೊಸದಾಗಿ ಹೊಲಿಯುವುದು ವಾಡಿಕೆಯ ಕೆಲಸವಾಗಿತ್ತು. ಹಾಗಾಗಿ ದುರಸ್ತಿ ಬಲ್ಲವರು ಪ್ರತಿ ಬಂದರಿನಲ್ಲೂ ಇರಲೇಬೇಕಾಗಿತ್ತು.

ಬಿಡಿಭಾಗಗಳು ಎಲ್ಲಿಂದ ಬರುತ್ತಿದ್ದವು?

ಅರೇಬಿಯಾದಲ್ಲಿ ದೊಡ್ಡ ಮರಗಳಿಲ್ಲ. ಅಲ್ಲಿಯವರಿಗೆ ಹಲಗೆ, ಹಾಯಿಕಂಬ, ಹಗ್ಗ ಎಲ್ಲವೂ ಭಾರತದ ಪಶ್ಚಿಮ ಕರಾವಳಿಯಿಂದ ಮತ್ತು ದ್ವೀಪಗಳಿಂದ ಹೋಗಬೇಕಿತ್ತು. ತೇಗಕ್ಕೆ ಅರಬಿಯಲ್ಲಿರುವ ‘ಸಾಜ್’ ಎಂಬ ಹೆಸರು ಈ ವ್ಯಾಪಾರದ ಗುರುತು. ಹಲಗೆಗೆ ತೇಗದಂತೆಯೇ ಹೆಬ್ಬಲಸೂ ಒಳ್ಳೆಯ ಮರ. ಹಾಯಿಕಂಬಕ್ಕೆ ನೇರವಾಗಿ ಎತ್ತರಕ್ಕೆ ಬೆಳೆಯುವ ಸುರಹೊನ್ನೆ ಬೇಕು. ಬ್ರಿಟಿಷರ ಕಾಲದಲ್ಲಿ ಕೆನರಾ ಮತ್ತು ಕೊಡಗಿನ ಕಾಡುಗಳ ಈ ಮರಕ್ಕೆ ಹಡಗು ಕಟ್ಟುವವರಲ್ಲಿ ಬಹಳ ಬೇಡಿಕೆಯಿತ್ತು. 10ನೇ ಶತಮಾನದ ಲೇಖಕ ಅಬೂ ಝೈದ್ ಅಸ್ಸೀರಾಫಿ ಒಂದು ಸೋಜಿಗದ ಸಂಗತಿಯನ್ನು ಬರೆದಿದ್ದಾರೆ. ಒಮಾನಿನವರು ಬಡಗಿಯ ಉಪಕರಣಗಳೊಂದಿಗೆ ತೆಂಗಿನ ದ್ವೀಪಗಳಿಗೆ ಹೋಗಿ, ತೆಂಗಿನ ಮರದಿಂದಲೇ ಹಲಗೆ, ಹುರಿ, ಕಂಬ, ಹಾಯಿಗಳನ್ನು ಮಾಡಿ ಹಡಗು ಕಟ್ಟಿ, ಅದರಲ್ಲಿ ತೆಂಗಿನಕಾಯಿಯನ್ನೇ ತುಂಬಿಕೊಂಡು ಮರಳುತ್ತಿದ್ದರಂತೆ!

ನಾರಿನ ವಿಷಯದಲ್ಲಿ ಮಂಗಳೂರಿಗೆ ವಿಶೇಷ ಸಂಬಂಧವಿದೆ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮೊದಲಾದ ದ್ವೀಪಗಳು 1787ರಲ್ಲಿ ಟಿಪ್ಪು ಸುಲ್ತಾನರ ಆಡಳಿತಕ್ಕೆ ಬಂದವು. 1799ರ ನಂತರ ಕಂಪನಿ ಸರ್ಕಾರದ ವಶವಾಗಿ, 1956ರವರೆಗೆ ನಮ್ಮ ಕರಾವಳಿ ಜಿಲ್ಲೆಯ ಆಡಳಿತದಲ್ಲೇ ಇದ್ದವು. ದ್ವೀಪದ ಮುಸ್ಲಿಮರು ತಮ್ಮ ‘ಓಡಂ’ಗಳಲ್ಲಿ ನಾರು ತಂದು ಮಂಗಳೂರಿನಲ್ಲಿ ಒಪ್ಪಿಸಿ, ಬದಲಿಗೆ ಅಕ್ಕಿ ಪಡೆಯುತ್ತಿದ್ದರು. ಉಪ್ಪುನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯ ನಾರನ್ನು ಅಲ್ಲಿನ ಹೆಂಗಸರು ಕೈಯಲ್ಲೇ ಹೊಸೆಯುತ್ತಿದ್ದರು. ಹಡಗಿನ ಹೊಲಿಗೆಗೆ ಅಂತಹ ಹುರಿಯೇ ಶ್ರೇಷ್ಠ.

ಸೂರ್ ಪಟ್ಟಣದ ಎರಡು ಪಾಠಗಳು

20ನೇ ಶತಮಾನದಲ್ಲಿ ಯಂತ್ರದ ಹಡಗು ಮತ್ತು ನೈಲಾನ್ ಹಗ್ಗ ಬಂದವು. ಗಲ್ಫ್ ನಾಡುಗಳಲ್ಲಿ ತೈಲ ಸಿಕ್ಕಿತು. ಹಾಯಿಹಡಗುಗಳು ದಡದಲ್ಲೇ ಕೊಳೆತವು.

ಒಮಾನಿನ ಸೂರ್ ಪಟ್ಟಣ ಹಡಗು ಕಟ್ಟುವುದಕ್ಕೆ ಹೆಸರಾದ ಊರು. 1951ರಲ್ಲಿ ಅಲ್ಲಿ ಕಟ್ಟಿದ ‘ಫತಹುಲ್ ಖೈರ್’ ಎಂಬ ದೊಡ್ಡ ಹಾಯಿಹಡಗು ಕೈಯಿಂದ ಕೈಗೆ ದಾಟಿ ಯಮನ್ ಸೇರಿತ್ತು. ಅಂತಹ ಹಡಗು ಇನ್ನೊಂದು ಉಳಿದಿಲ್ಲವೆಂದು ತಿಳಿದಾಗ ಸೂರ್‌ನ ಜನರು ಹಣ ಸಂಗ್ರಹಿಸಿ 1993ರಲ್ಲಿ ಅದನ್ನು ಮರಳಿ ಕೊಂಡುತಂದರು. ದುರಸ್ತಿ ಮಾಡಿಸಿ ಊರಿನ ಹಿನ್ನೀರಿನ ದಡದಲ್ಲಿ ನಿಲ್ಲಿಸಿದರು. ಒಂದು ಊರಿನ ಜನ ಕೂಡಿ ನಿಂತರೆ ಚರಿತ್ರೆಯನ್ನು ಉಳಿಸಬಹುದು ಎಂಬುದು ಮೊದಲ ಪಾಠ.

ಎರಡನೆಯದು ‘ಸೊಹಾರ್’ ಹಡಗಿನ ಪಾಠ. ಸಿಂದಬಾದನ ಸಮುದ್ರಮಾರ್ಗವನ್ನು ಪರೀಕ್ಷಿಸಲು ಟಿಮ್ ಸೆವೆರಿನ್ ಎಂಬ ಸಂಶೋಧಕರು ಸುಲ್ತಾನ್ ಕಾಬೂಸರ ನೆರವಿನಿಂದ 1980ರಲ್ಲಿ ಸೂರ್‌ನಲ್ಲಿ ಹೊಲಿಗೆಯ ಹಡಗೊಂದನ್ನು ಕಟ್ಟಿಸಿದರು. ಹೆಬ್ಬಲಸಿನ ಮರ ಮಲಬಾರಿನಿಂದ ಹೋಯಿತು. ಆದರೆ ಹೊಲಿಯುವವರು? ಹಡಗು ಕಟ್ಟುವ ಸೂರ್‌ನಲ್ಲೇ ಆ ವಿದ್ಯೆ ಬಲ್ಲವರು ಸಿಗಲಿಲ್ಲ. ಲಕ್ಷದ್ವೀಪದ ಅಗತ್ತಿಯಿಂದ ಹುರಿಯ ಕೆಲಸಗಾರರನ್ನು ಕರೆಸಬೇಕಾಯಿತು. ನವೆಂಬರ್‌ನಲ್ಲಿ ಹೊರಟ ಹಡಗು, ನಡುಸಮುದ್ರದಲ್ಲಿ ಹಾಯಿ ಕಟ್ಟುವ ಅಡ್ಡಮರ ಮುರಿದರೂ ಸಾವರಿಸಿಕೊಂಡು, 1981ರ ಜುಲೈಯಲ್ಲಿ ಚೀನಾದ ಕ್ಯಾಂಟನ್ ತಲುಪಿತು. 2010ರಲ್ಲಿ ಮಸ್ಕತ್‌ನಿಂದ ಸಿಂಗಾಪುರಕ್ಕೆ ಹೋದ ‘ಜ್ಯುವೆಲ್ ಆಫ್ ಮಸ್ಕತ್’ ಹಡಗಿಗೆ ದಾರಿಯಲ್ಲಿ ಶ್ರೀಲಂಕಾದಲ್ಲಿ ಹೊಸ ಹಾಯಿಕಂಬಗಳನ್ನು ಹಾಕಬೇಕಾಯಿತು. ತಕ್ಕ ಮರವನ್ನು ಹುಡುಕಿ, ಕಡಿದು, ಕೆತ್ತಿ ನಿಲ್ಲಿಸಿದ ಮೇಲೆಯೇ ಪ್ರಯಾಣ ಮುಂದುವರಿದದ್ದು.

ನಮ್ಮ ಕಾರವಾರದಲ್ಲೂ ಇಂತಹ ಹಡಗೊಂದು ನೌಕಾಪಡೆಗೆ ಸೇರಿದೆ. ಅಜಂತಾದ ಚಿತ್ರವೊಂದನ್ನು ಆಧರಿಸಿ, ಕೇರಳದ ಕುಶಲಕರ್ಮಿಗಳು ಗೋವಾದಲ್ಲಿ ನಾರಿನಿಂದ ಹೊಲಿದ ‘ಕೌಂಡಿನ್ಯ’ ಎಂಬ ಈ ಹಡಗನ್ನು 2025ರ ಮೇ 21ರಂದು ಕಾರವಾರದಲ್ಲಿ ಭಾರತೀಯ ನೌಕಾಪಡೆಗೆ ಸೇರಿಸಿಕೊಳ್ಳಲಾಯಿತು. ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಅದು ಪೋರಬಂದರಿನಿಂದ ಮಸ್ಕತ್‌ಗೆ ಹೊರಟಿತು. ಹಳೆಯ ನಕ್ಷೆಗಳೇನೂ ಉಳಿದಿರಲಿಲ್ಲ. ಉಳಿದಿದ್ದುದು ಒಂದು ಚಿತ್ರ ಮತ್ತು ಕೆಲವರ ಕೈಯರಿವು ಮಾತ್ರ.

ನಮ್ಮ ಹೊಣೆ

ಈ ಎಲ್ಲ ಪ್ರಯತ್ನಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಹಳೆಯ ಹಡಗಿಗೆ ಬೇಕಾದ ಮರವನ್ನು ಕಾಡಿನಲ್ಲಿ ಹುಡುಕಬಹುದು, ನಾರನ್ನು ದ್ವೀಪದಿಂದ ತರಿಸಬಹುದು. ಅವನ್ನು ಜೋಡಿಸಬಲ್ಲ ಮನುಷ್ಯ ಇಲ್ಲವಾದರೆ ಬೇರೆಲ್ಲಿಂದಲೂ ತರಲಾಗದು. ಈ ವಿದ್ಯೆಯನ್ನು ಯಾರೂ ಪುಸ್ತಕದಲ್ಲಿ ಬರೆದಿಡಲಿಲ್ಲ. ತಂದೆಯಿಂದ ಮಗನಿಗೆ, ಉಸ್ತಾದನಿಂದ ಶಾಗಿರ್ದನಿಗೆ ಕೈಯಿಂದ ಕೈಗೆ ಬಂತು. ಇಲ್ಮ್ ಎಂದರೆ ಪದವಿ ಮಾತ್ರವೆಂದು ತಿಳಿದ ನಾವು ಇಂತಹ ಅರಿವನ್ನು ಇಲ್ಮ್ ಎಂದು ಪರಿಗಣಿಸಲೇ ಇಲ್ಲ.

ಮಂಗಳೂರು, ಮಲ್ಪೆ, ಭಟ್ಕಳ, ಹೊನ್ನಾವರಗಳಲ್ಲಿ ಹಾಯಿಯ ಕಾಲವನ್ನು ಕಂಡ ಹಿರಿಯರು ಈಗ ಬೆರಳೆಣಿಕೆಯಷ್ಟೇ. ಬಂದರಿನ ಖಲಾಸಿಗಳು, ದೋಣಿ ಕಟ್ಟುವ ಆಚಾರಿಗಳು, ಬ್ಯಾರಿ, ನವಾಯತ, ಮೊಗವೀರ, ಖಾರ್ವಿ ಮನೆಗಳ ಅಜ್ಜಂದಿರು, ಎಲ್ಲರಲ್ಲೂ ಈ ಅರಿವಿನ ಒಂದೊಂದು ತುಣುಕಿದೆ. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಅವರ ಬಳಿ ಕುಳಿತು ಹಡಗಿನ ಭಾಗಗಳ ಹೆಸರು, ಮರಗಳ ಗುಣ, ಗಂಟು ಹಾಕುವ ಕ್ರಮ, ಗಾಳಿಯ ಲೆಕ್ಕಗಳನ್ನು ಕೇಳಿ ಬರೆದುಕೊಳ್ಳಲಿ, ಚಿತ್ರ ತೆಗೆಯಲಿ. ಹಾಗೆ ಸಂಗ್ರಹಿಸಿದ್ದನ್ನು ನಮ್ಮ ಸಂಘದ ಗ್ರಂಥಾಲಯದಲ್ಲಿ ಒಂದು ಕಪಾಟಿನಲ್ಲಾದರೂ ಕಾಪಾಡೋಣ. ಆ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು. ಅಲ್ಲಾಹನು ಇದಕ್ಕೆ ತೌಫೀಕ್ ನೀಡಲಿ.